ಬೆಂಕಿ ಬಂದಾಗ ಎಬ್ಬಿಸಿದರು, ಮಳೆ ಬಂದಾಗ ಎಬ್ಬಿಸಲಿಲ್ಲ

ಜಪಾನಿನ ಇಜು ಓಶಿಮಾ ದ್ವೀಪದಲ್ಲಿ ಒಂದು ಬಸ್ ಸ್ಟಾಪ್ ಇದೆ. ಅದರ ಹೆಸರೇ 'ಮಣ್ಣಿನ ಪದರಗಳ ಎದುರು'. ರಸ್ತೆಯ ಒಂದು ಪಕ್ಕದಲ್ಲಿ ಸುಮಾರು 600 ಮೀಟರ್ ಉದ್ದಕ್ಕೆ ಗುಡ್ಡ ಕಡಿದಿದ್ದಾರೆ. 1953ರಲ್ಲಿ ರಸ್ತೆ ಮಾಡುವಾಗ ಕಡಿದದ್ದು. ಕಡಿದ ಗೋಡೆಯ ತುಂಬ ಕಪ್ಪು, ಕಂದು, ಹಳದಿ ಪಟ್ಟೆಗಳು. ಹಂಚಿನಿಂದ ತೆಗೆದ ದೋಸೆಗಳನ್ನು ಒಂದರ ಮೇಲೊಂದು ಹೇರಿದ ಹಾಗೆ, ಅಲೆ ಅಲೆಯಾಗಿ, ನೂರರಷ್ಟು ಪದರ. ಬೆಟ್ಟ ಸಿಡಿದಾಗಲೆಲ್ಲ ಬಿದ್ದ ಬೂದಿ, ಮರಳು ಅದು. ಅಲ್ಲಿ ಬಸ್ಸಿಗೆ ಕಾಯುವವರು ಹದಿನೈದು ಇಪ್ಪತ್ತು ಸಾವಿರ ವರ್ಷಗಳ ಲೆಕ್ಕದ ಎದುರು ನಿಂತಿರುತ್ತಾರೆ.

ಆ ಗೋಡೆಯನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿದರೆ ಬೇರೆ ಒಂದು ಸಂಗತಿ ಕಾಣುತ್ತದೆ. ಕೆಲವು ಕಡೆ ಪದರಗಳು ಥಟ್ಟನೆ ತುಂಡಾಗಿವೆ. ಕೆಳಗಿನ ಪದರ ಕೊಚ್ಚಿ ಹೋಗಿ, ಆ ಗುಂಡಿಯನ್ನು ಮೇಲಿನ ಪದರ ಬಂದು ತುಂಬಿದೆ. ಅದು ನೀರಿನ ಕೆಲಸ. ಅಂದರೆ ಆ ಗೋಡೆಯಲ್ಲಿ ಬೆಂಕಿಯ ಲೆಕ್ಕವೂ ಇದೆ, ಮಳೆಯ ಲೆಕ್ಕವೂ ಇದೆ. ಊರು ಬೆಂಕಿಯ ಲೆಕ್ಕವನ್ನು ಚೆನ್ನಾಗಿ ಓದಿಕೊಂಡಿತ್ತು. ಮಳೆಯದನ್ನು ಅಷ್ಟಾಗಿ ಓದಲಿಲ್ಲ. ಅದಕ್ಕೆ ತೆತ್ತ ಬೆಲೆ 39 ಜೀವ.

ಓಶಿಮಾ ಇರುವುದು ಟೋಕಿಯೊದಿಂದ ಸುಮಾರು 120 ಕಿ.ಮೀ. ದಕ್ಷಿಣಕ್ಕೆ, ಸಮುದ್ರದ ನಡುವೆ. ವಿಸ್ತೀರ್ಣ 91 ಚದರ ಕಿ.ಮೀ. ಅಷ್ಟು ದೂರದಲ್ಲಿದ್ದರೂ ಆಡಳಿತದ ಲೆಕ್ಕದಲ್ಲಿ ಅದು ಟೋಕಿಯೊಗೇ ಸೇರಿದ್ದು. ಅಲ್ಲಿನ ಕಾರುಗಳಿಗೆ ಟೋಕಿಯೊ ನಗರದ ಶಿನಾಗಾವಾದ ನಂಬರ್ ಪ್ಲೇಟ್. 1955ರಲ್ಲಿ ಆರು ಹಳ್ಳಿ ಸೇರಿಸಿ ಓಶಿಮಾ ಅಂತ ಒಂದೇ ಪಟ್ಟಣ ಮಾಡಿದರು. ನಟ್ಟ ನಡುವೆ 758 ಮೀಟರ್ ಎತ್ತರದ ಮಿಹಾರಾ ಬೆಟ್ಟ. ಬೆಟ್ಟದ ಬುಡಕ್ಕೂ ಸಮುದ್ರಕ್ಕೂ ನಡುವೆ ಉಳಿದ ಅಂಚಿನಲ್ಲಿ ಮನೆಗಳು. ಪಶ್ಚಿಮದ ಮೊಟೊಮಾಚಿಯಲ್ಲಿ ಪಟ್ಟಣದ ಕಚೇರಿ, ಬಂದರು, ಅಂಗಡಿ ಎಲ್ಲ. ಮನೆ, ಹೊಲಗಳ ಸುತ್ತ ಗಾಳಿ ತಡೆಯಲು ಕ್ಯಾಮೆಲಿಯಾ ಮರಗಳ ಸಾಲು. ಅದರ ಬೀಜದಿಂದ ತೆಗೆಯುವ ಎಣ್ಣೆಗೆ ಇಡೀ ಜಪಾನಿನಲ್ಲಿ ಹೆಸರಿದೆ.

ಬೆಟ್ಟದ ಬಾಯಲ್ಲಿ ಕಾಣುವ ಬೆಂಕಿಗೆ ದ್ವೀಪದವರು 'ಗೋಜಿಂಕಾ' ಅನ್ನುತ್ತಾರೆ. ದೇವರ ಬೆಂಕಿ ಅಂತ ಅರ್ಥ. ಹೆದರಿ ಇಟ್ಟ ಹೆಸರು ಮಾತ್ರ ಅಲ್ಲ, ಅದರಲ್ಲಿ ಸಲಿಗೆಯೂ ಇದೆ.

ಈ ಸಲಿಗೆ 1986ರ ನವೆಂಬರ್‌ನಲ್ಲಿ ಪರೀಕ್ಷೆಗೆ ಬಂತು. 15ನೇ ತಾರೀಕು ಸಂಜೆ ಬೆಟ್ಟದ ತುದಿಯ ಕುಳಿಯಿಂದ ಬೆಂಕಿ ಎದ್ದಿತು. ಮೊದಲ ಕೆಲವು ದಿನ ಅದು ನೋಡುವ ವಸ್ತು. ದೇವರ ಬೆಂಕಿ ನೋಡಲು ಹಡಗಿನಲ್ಲಿ ಪ್ರವಾಸಿಗಳು ಬಂದರು. 21ನೇ ತಾರೀಕು ಸಂಜೆ ನಾಲ್ಕೂಕಾಲರ ಹೊತ್ತಿಗೆ ಆಟ ಬದಲಾಯಿತು. ಕುಳಿಯ ಹೊರಗೆ, ಬೆಟ್ಟದ ಸುತ್ತಲಿನ ದೊಡ್ಡ ಬಟ್ಟಲಿನಂಥ ತಗ್ಗಿನಲ್ಲಿ ನೆಲ ಸೀಳಿತು. ಲಾವಾ ಸಾವಿರ ಮೀಟರಿಗೂ ಮೇಲೆ ಚಿಮ್ಮಿತು. ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಆ ಬಟ್ಟಲಿನ ಅಂಚನ್ನೂ ದಾಟಿ, ಹೊರಗಿನ ಇಳಿಜಾರಿನಲ್ಲಿ, ಊರಿನ ಕಡೆಗೇ ಮತ್ತೊಂದು ಸೀಳು. 1421ರ ನಂತರ ಅಲ್ಲಿ ಹಾಗಾಗಿರಲಿಲ್ಲ. ಲಾವಾ ಮೊಟೊಮಾಚಿಯ ಕಡೆ ಇಳಿಯತೊಡಗಿತು.

ಆ ರಾತ್ರಿ ನಡೆದದ್ದನ್ನು ಇವತ್ತಿಗೂ ಪಾಠವಾಗಿ ಹೇಳುತ್ತಾರೆ. ಹಳ್ಳಿ ಹಳ್ಳಿಯಲ್ಲಿ ಕಂಬಕ್ಕೆ ಕಟ್ಟಿದ ಧ್ವನಿವರ್ಧಕಗಳಲ್ಲಿ ಸೂಚನೆ ಬಂತು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರು, ಅಂದರೆ ಹಗಲಲ್ಲಿ ಮೀನು ಹಿಡಿಯುವ, ಅಂಗಡಿ ಇಟ್ಟುಕೊಂಡ ಅಲ್ಲಿನದೇ ಗಂಡಸರು, ಮನೆ ಮನೆ ಬಾಗಿಲು ತಟ್ಟಿದರು. ಯಾರು ಬಂದರು, ಯಾರು ಉಳಿದರು ಅಂತ ತಲೆ ಎಣಿಸಿದರು. ಆಗ್ನೇಯದ ಹಬು ಬಂದರಿನ ಕಡೆ ಸೇರಿಸಿದ್ದ ಜನರನ್ನು, ಅಲ್ಲೂ ನೆಲ ಸೀಳಿ ಲಾವಾ ಸಮುದ್ರದ ನೀರಿಗೆ ತಾಗಿದರೆ ದೊಡ್ಡ ಸ್ಫೋಟ ಆಗಬಹುದು ಅನ್ನುವ ಭಯದಿಂದ, ಮತ್ತೆ ಬಸ್ಸು ಹತ್ತಿಸಿ ಮೊಟೊಮಾಚಿಗೆ ತಂದರು. ರಾತ್ರಿ 11 ಗಂಟೆ ಹೊತ್ತಿಗೆ ಇಡೀ ದ್ವೀಪ ಖಾಲಿ ಮಾಡುವ ತೀರ್ಮಾನ ಆಯಿತು. ಪ್ರಯಾಣಿಕರ ಹಡಗು, ಕರಾವಳಿ ಕಾವಲು ಹಡಗು, ನೌಕಾಪಡೆಯ ಹಡಗು, ಸಿಕ್ಕಿದ್ದೆಲ್ಲ ಬಂತು. ಬೆಳಕು ಹರಿಯುವ ಹೊತ್ತಿಗೆ ಹತ್ತು ಸಾವಿರಕ್ಕೂ ಜಾಸ್ತಿ ಜನ ದ್ವೀಪ ಬಿಟ್ಟಿದ್ದರು. ಒಂದು ಜೀವವೂ ಹೋಗಲಿಲ್ಲ.

ಲಾವಾ ಮೊಟೊಮಾಚಿಯ ಸ್ಮಶಾನದ ಹಿಂದೆ, ಮನೆಗಳಿಗೆ ಕೆಲವೇ ನೂರು ಮೀಟರ್ ದೂರದಲ್ಲಿ ನಿಂತಿತು. ಟೋಕಿಯೊದಿಂದ ಬಂದ ಅಗ್ನಿಶಾಮಕ ಸಿಬ್ಬಂದಿ ಅದರ ತುದಿಗೆ ನೀರು ಹಾಯಿಸಿ ತಣಿಸಲು ನೋಡಿದರು. ಜನ ಸುಮಾರು ಒಂದು ತಿಂಗಳು ಟೋಕಿಯೊ ಕಡೆಯ ಶಾಲೆ, ಕ್ರೀಡಾ ಭವನಗಳಲ್ಲಿ ಕಳೆದು, ಡಿಸೆಂಬರ್‌ನಲ್ಲಿ ಮನೆ ಸೇರಿದರು.

ಈಗ 2013ಕ್ಕೆ ಬರೋಣ. ಅದೇ ಊರು, ಅದೇ ಬೆಟ್ಟ.

ಅಕ್ಟೋಬರ್ 15ರಂದು ಆ ವರ್ಷದ 26ನೇ ಚಂಡಮಾರುತ ದ್ವೀಪದತ್ತ ಬರುತ್ತಿತ್ತು. ಸಂಜೆ 6 ಗಂಟೆ 5 ನಿಮಿಷಕ್ಕೆ ಭೂಕುಸಿತದ ಎಚ್ಚರಿಕೆ ಹೊರಟಿತು. ಪಟ್ಟಣದ ಕಚೇರಿಗೆ ಫ್ಯಾಕ್ಸ್ ಬಂತು. ಆದರೆ ಕಚೇರಿಯಲ್ಲಿ ಯಾರೂ ಇರಲಿಲ್ಲ. ಸಿಬ್ಬಂದಿ ಮನೆಗೆ ಹೋಗಿದ್ದರು, ಮಧ್ಯರಾತ್ರಿಯ ಹೊತ್ತಿಗೆ ಬರುವ ಏರ್ಪಾಡು ಇತ್ತು. ಆ ಹಾಳೆ ಸುಮಾರು ಆರು ಗಂಟೆ ಕಾಲ ಯಂತ್ರದ ಬಾಯಲ್ಲೇ ಬಿದ್ದಿತ್ತು. ಪಟ್ಟಣದ ಮೇಯರ್ ಕೆಲಸದ ಮೇಲೆ ಬೇರೆ ಪ್ರಾಂತ್ಯಕ್ಕೆ ಹೋಗಿದ್ದರು. ಉಪಮೇಯರ್ ಕೂಡ ದ್ವೀಪದಲ್ಲಿರಲಿಲ್ಲ. ಮಧ್ಯರಾತ್ರಿ ಸಿಬ್ಬಂದಿ ಸೇರಿದಾಗ ಹೊರಗೆ ಕತ್ತಲು, ಜಡಿಮಳೆ. ಈ ಹೊತ್ತಲ್ಲಿ ಜನರನ್ನು ಮನೆಯಿಂದ ಹೊರಡಿಸಿದರೆ ಅದೇ ಅಪಾಯ ಅನ್ನಿಸಿತು. ಮನೆ ಬಿಡಿ ಅನ್ನುವ ಸೂಚನೆ ಹೊರಡಲೇ ಇಲ್ಲ.

ಮೊಟೊಮಾಚಿಯಲ್ಲಿ 24 ಗಂಟೆಯಲ್ಲಿ 824 ಮಿಲಿಮೀಟರ್ ಮಳೆ. ಬೆಳಗಿನ ಜಾವ ಮೂರರ ನಂತರ ಒಂದೇ ಗಂಟೆಯಲ್ಲಿ 122.5 ಮಿಲಿಮೀಟರ್. ನಮ್ಮ ಆಗುಂಬೆಯ ಕಡೆಯವರಿಗೂ ಒಂದೇ ಗಂಟೆಗೆ ಇಷ್ಟು ಅಂದರೆ ಎದೆ ಝಲ್ ಅನ್ನಬಹುದು. ಆ ಹೊತ್ತಿನಲ್ಲೇ ಊರಿನ ಮೇಲಿನ ಇಳಿಜಾರು ಜಾರಿತು. ಕಾಂದಾಚಿ ಅನ್ನುವ ಬಡಾವಣೆಯ ಮೇಲೆ ಕಪ್ಪು ಕೆಸರು, ಬುಡಸಮೇತ ಕಿತ್ತ ಮರ ಎಲ್ಲ ಒಟ್ಟಿಗೆ ಬಂದವು. ಮರದ ದಿಮ್ಮಿಗಳು ಸೇತುವೆಗಳ ಕೆಳಗೆ ಸಿಕ್ಕಿಕೊಂಡವು, ನೀರು ಹಳ್ಳ ಬಿಟ್ಟು ಮನೆಗಳ ನಡುವೆ ನುಗ್ಗಿತು. 36 ಜನ ಸತ್ತರು. ಮೂವರು ಇವತ್ತಿಗೂ ಸಿಕ್ಕಿಲ್ಲ.

ಇದು ಬರೀ ಜಾಸ್ತಿ ಮಳೆಯ ಕಥೆ ಅಲ್ಲ. ಆ ಇಳಿಜಾರು ಎಂಥದ್ದು ಅಂತ ತಿಳಿದರೆ ಉಳಿದದ್ದು ಅರ್ಥ ಆಗುತ್ತದೆ. ಕಾಂದಾಚಿಯ ಮೇಲಿನ ಭಾಗದಲ್ಲಿ 14ನೇ ಶತಮಾನದ ಲಾವಾ ಹರಿದು ಗಟ್ಟಿಯಾಗಿ ಹಾಸಿದೆ. ಅದರ ಮೇಲೆ ನಂತರದ ಸ್ಫೋಟಗಳ ಬೂದಿ, ಗಾಳಿ ತಂದ ಸಣ್ಣ ಮಣ್ಣು, ತೆಳ್ಳಗೆ ಹೊದಿಸಿದ ಹಾಗೆ. ಅದರ ಮೇಲೆ ಕಾಡು. ನೋಡಲು ಗಟ್ಟಿಯಾದ ಹಸಿರು ಗುಡ್ಡ. ಒಳಗೆ ಮಾತ್ರ ಬಂಡೆಯ ಮೇಲೆ ಕಂಬಳಿ ಹೊದ್ದ ಸ್ಥಿತಿ. ಒಲೆಯ ಬೂದಿಯನ್ನು ಕಲ್ಲಿನ ಮೇಲೆ ಹರಡಿ, ಕಲ್ಲನ್ನು ಸ್ವಲ್ಪ ಓರೆ ಮಾಡಿ, ತಂಬಿಗೆಯಿಂದ ನೀರು ಬಿಡುತ್ತಾ ಹೋಗಿ. ಮೊದಲು ಬೂದಿ ನೀರು ಕುಡಿಯುತ್ತದೆ. ಕುಡಿಯುವಷ್ಟು ಕುಡಿದ ಮೇಲೆ ಇಡೀ ಹಾಸು ಒಮ್ಮೆಲೇ ಜಾರುತ್ತದೆ. ಓಶಿಮಾದಲ್ಲಿ ಆದದ್ದು ಹೆಚ್ಚುಕಡಿಮೆ ಇದೇ.

ಇನ್ನೊಂದು ವಿಷಯ. ಹಳೆಯ ಬೆಟ್ಟಗಳಲ್ಲಿ ನೀರು ಸಾವಿರಾರು ವರ್ಷ ಹರಿದು ಆಳವಾದ ಕಣಿವೆ ಕೊರೆದಿರುತ್ತದೆ. ಕೆಸರು ಬಂದರೂ ಆ ದಾರಿಯಲ್ಲೇ ಬರುತ್ತದೆ ಅಂತ ಒಂದು ಅಂದಾಜು ಇಟ್ಟುಕೊಳ್ಳಬಹುದು. ಮಿಹಾರಾದಂಥ ಎಳೆಯ ಬೆಟ್ಟದಲ್ಲಿ ಹಳ್ಳಗಳೇ ಆಳವಿಲ್ಲ. ಪ್ರತಿ ಸಲ ಬೂದಿ, ಲಾವಾ ಬಂದು ಹಳ್ಳಗಳನ್ನು ಮುಚ್ಚುತ್ತಿರುತ್ತವೆ. ಹಾಗಾಗಿ ಕೆಸರು ಎತ್ತ ತಿರುಗುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಬೆಂಕಿ ಮಾಡಿಟ್ಟ ನೆಲದ ಮೇಲೇ ಮಳೆ ಕೆಲಸ ಮಾಡಿದ್ದು.

ಹಾಗಾದರೆ 1986ರಲ್ಲಿ ಹತ್ತು ಸಾವಿರ ಜನರನ್ನು ಸಾಗಿಸಿದ ಊರಿಗೆ 2013ರಲ್ಲಿ ಒಂದು ಬಡಾವಣೆಯನ್ನು ಎಬ್ಬಿಸಲು ಯಾಕೆ ಆಗಲಿಲ್ಲ? ಕಚೇರಿಯ ತಪ್ಪು ಅಂತ ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ತಪ್ಪು ಇತ್ತು, ಅದನ್ನು ಮುಚ್ಚಿಡಬಾರದು. ಎಚ್ಚರಿಕೆ ಬಂದ ಮೇಲೂ ಕಚೇರಿ ಖಾಲಿ ಬಿಟ್ಟದ್ದಕ್ಕೆ ಸಮರ್ಥನೆ ಇಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದು ಕೈ ತಪ್ಪುತ್ತದೆ.

ಬೆಂಕಿ ಕಣ್ಣಿಗೆ ಕಾಣುತ್ತದೆ. 1986ರ ಆ ಸಂಜೆ ಆಕಾಶವೇ ಕೆಂಪಾಗಿತ್ತು, ನೆಲ ನಡುಗುತ್ತಿತ್ತು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊರಡಿ ಅಂದ ತಕ್ಷಣ ಜನ ಹೊರಟರು. ಮಳೆ ಹಾಗಲ್ಲ. ಚಂಡಮಾರುತ ಪ್ರತಿ ವರ್ಷ ಬರುತ್ತದೆ. ಕಿಟಕಿ ಮುಚ್ಚಿ ಮಲಗುವುದು ರೂಢಿ. ಇವತ್ತಿನ ಮಳೆ ನಿನ್ನೆ ಮೊನ್ನೆಯಂಥದ್ದಲ್ಲ ಅಂತ ಕತ್ತಲಲ್ಲಿ ಮಲಗಿದವರಿಗೆ ಗೊತ್ತಾಗುವುದು ಹೇಗೆ? ಅದನ್ನು ಹೇಳಬೇಕಾದದ್ದು ಎಚ್ಚರಿಕೆಯ ವ್ಯವಸ್ಥೆ. ಆ ವ್ಯವಸ್ಥೆಯ ಕಣ್ಣಿಗೂ ಓಶಿಮಾ ತೀರಾ ಸಣ್ಣದಾಗಿತ್ತು.

ಜಪಾನಿನ ಹವಾಮಾನ ಇಲಾಖೆ 2013ರ ಆಗಸ್ಟ್ 30ರಂದು 'ವಿಶೇಷ ಎಚ್ಚರಿಕೆ' ಅನ್ನುವ ಹೊಸ ಪದ್ಧತಿ ತಂದಿತ್ತು. ತೀರಾ ಅಪರೂಪದ, ಜೀವ ಹೋಗುವಂಥ ಮಳೆಗೆ ಮಾತ್ರ ಅದು. ಸೆಪ್ಟೆಂಬರ್‌ನಲ್ಲಿ ಕ್ಯೋಟೊ ಕಡೆಗೆ ಮೊದಲ ಸಲ ಕೊಟ್ಟರು. ಒಂದು ತಿಂಗಳ ನಂತರ ಓಶಿಮಾದಲ್ಲಿ 824 ಮಿಲಿಮೀಟರ್ ಸುರಿದಾಗ ಕೊಡಲಿಲ್ಲ. ಯಾಕೆಂದರೆ ಒಂದು ಪ್ರಾಂತ್ಯದಷ್ಟು ವಿಶಾಲ ಜಾಗದಲ್ಲಿ ಅಂಥ ಮಳೆ ಬಿದ್ದರೆ ಮಾತ್ರ ಅನ್ನುವ ನಿಯಮ ಇತ್ತು. ಓಶಿಮಾದ ಮಳೆ ಎಷ್ಟು ಸಣ್ಣ ಜಾಗಕ್ಕೆ ಸುರಿಯಿತು ಅಂದರೆ, ಅದೇ ದ್ವೀಪದ ವಿಮಾನ ನಿಲ್ದಾಣದ ಹತ್ತಿರ ಬಿದ್ದದ್ದು ಸುಮಾರು ಅರ್ಧ ಮಾತ್ರ. ದ್ವೀಪ ಚಿಕ್ಕದಾದ್ದರಿಂದ ಅಲ್ಲಿನ ಸಾವು ನಿಯಮದ ಜಾಲರಿಯಲ್ಲಿ ಸೋರಿ ಹೋಯಿತು. ಇದು ನನಗೆ ಇಡೀ ಪ್ರಕರಣದಲ್ಲಿ ತುಂಬ ನೋವು ಕೊಡುವ ಭಾಗ.

ಆಮೇಲೆ ತಿದ್ದುಪಡಿಗಳು ಬಂದವು, ನಿಜ. ಸುಳ್ಳು ಎಚ್ಚರಿಕೆ ಆದರೂ ಪರವಾಗಿಲ್ಲ, ಬೇಗ ಕೊಡಿ ಅಂತ ಸರ್ಕಾರ ಊರುಗಳಿಗೆ ಹೇಳಿತು. 2014ರಲ್ಲಿ ಹಿರೋಶಿಮಾದಲ್ಲೂ ಭೂಕುಸಿತದಿಂದ ತುಂಬ ಜನ ಸತ್ತ ಮೇಲೆ ಭೂಕುಸಿತದ ಕಾನೂನನ್ನೇ ಬಿಗಿ ಮಾಡಿದರು. 2019ರ ಅಕ್ಟೋಬರ್‌ನಲ್ಲಿ, ಸಣ್ಣ ಸಣ್ಣ ಚೌಕಗಳಲ್ಲಿ ಮಣ್ಣು ಎಷ್ಟು ನೀರು ಕುಡಿದಿದೆ ಅಂತ ಲೆಕ್ಕ ಹಾಕಿ ವಿಶೇಷ ಎಚ್ಚರಿಕೆ ಕೊಡುವ ಹೊಸ ಅಳತೆಗೋಲು ಬಂತು. ಅದನ್ನು ಮೊದಲು ಜಾರಿ ಮಾಡಿದ್ದು ಓಶಿಮಾ ಇರುವ ಇಜು ದ್ವೀಪಗಳ ಉತ್ತರ ಭಾಗದಲ್ಲೇ. 2021ರಲ್ಲಿ 'ಸಲಹೆ', 'ಸೂಚನೆ' ಅಂತ ಎರಡು ಬಗೆಯಾಗಿದ್ದದ್ದನ್ನು ತೆಗೆದು, ಮನೆ ಬಿಡಿ ಅನ್ನುವುದಕ್ಕೆ ಒಂದೇ ಸೂಚನೆ ಇಟ್ಟರು. ಎರಡರ ನಡುವಿನ ಅಂತರ ಯಾರಿಗೂ ಅರ್ಥ ಆಗುತ್ತಿರಲಿಲ್ಲ, ಅದನ್ನು ಇನ್ನೂ ಮೊದಲೇ ತೆಗೆಯಬೇಕಿತ್ತು.

ಇಷ್ಟೆಲ್ಲ ಹಳೆಯ ಮಾತು ಈಗ ಯಾಕೆ? ಬೆಟ್ಟದ ಸಲುವಾಗಿ.

ಮಿಹಾರಾ 1912ರಲ್ಲಿ ಸಿಡಿಯಿತು. ಆಮೇಲೆ 1950ರಲ್ಲಿ, ಆಮೇಲೆ 1986ರಲ್ಲಿ. ಮಧ್ಯೆ ಸಣ್ಣಪುಟ್ಟವು ಬೇರೆ. ದೊಡ್ಡವುಗಳ ನಡುವೆ 38 ವರ್ಷ, 36 ವರ್ಷ. ಬೆಟ್ಟಕ್ಕೆ ಕ್ಯಾಲೆಂಡರ್ ಇರುವುದಿಲ್ಲ, ಈ ಲೆಕ್ಕ ನಿಯಮ ಏನಲ್ಲ. ಆದರೆ ದ್ವೀಪದಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕ ಇದೇ, ಆ ಗಡುವು ಆಗಲೇ ದಾಟಿದೆ. ಉಪಕರಣಗಳು ಹೇಳುವುದೂ ಅದಕ್ಕೆ ದೂರವಿಲ್ಲ. ದ್ವೀಪದ ನೆಲ ಒಂದು ಸಲ ಉಬ್ಬಿ, ಒಂದು ಸಲ ಕುಗ್ಗುತ್ತಾ, ಒಟ್ಟಾರೆ ಉಬ್ಬುತ್ತಲೇ ಇದೆ. ಆಳದಲ್ಲಿ ಶಿಲಾಪಾಕ ಸೇರುತ್ತಿರುವ ಗುರುತು ಅದು.

ಜಪಾನಿನಲ್ಲಿ 111 ಜೀವಂತ ಜ್ವಾಲಾಮುಖಿಗಳಿವೆ. ಅವುಗಳಲ್ಲಿ ಮಿಹಾರಾ ಹಗಲೂ ರಾತ್ರಿ ಕಣ್ಣಿಟ್ಟಿರುವ ಬೆಟ್ಟಗಳ ಪೈಕಿ. ಎಚ್ಚರಿಕೆಗೆ 1ರಿಂದ 5ರವರೆಗೆ ಹಂತಗಳಿವೆ. ಓಶಿಮಾಕ್ಕೆ ಇದನ್ನು 2007ರಲ್ಲಿ ತಂದರು. 3ರಲ್ಲಿ ಬೆಟ್ಟ ಹತ್ತುವ ಹಾಗಿಲ್ಲ. 4ರಲ್ಲಿ ವಯಸ್ಸಾದವರು, ನಡೆಯಲಾಗದವರು ಮೊದಲು ಹೊರಡಬೇಕು. 5ರಲ್ಲಿ ಎಲ್ಲರೂ. ಕೇಂದ್ರದಲ್ಲೂ 2023ರಲ್ಲಿ ಜ್ವಾಲಾಮುಖಿ ಕಾನೂನು ತಿದ್ದಿ, 2024ರ ಏಪ್ರಿಲ್‌ನಿಂದ ಸಂಶೋಧನೆಗೆ ಪ್ರತ್ಯೇಕ ಕೇಂದ್ರ ಶುರು ಮಾಡಿದರು. ಉಪಕರಣ, ನಕ್ಷೆ, ಯೋಜನೆ ಇವೆಲ್ಲ 1986ಕ್ಕಿಂತ ಎಷ್ಟೋ ಮುಂದಿವೆ.

ಕಡಿಮೆ ಆಗಿರುವುದು ಜನ. 1950ರ ದಶಕದಲ್ಲಿ 12 ಸಾವಿರ ದಾಟಿದ್ದ ಊರು, 1986ರಲ್ಲಿ ಸುಮಾರು 10 ಸಾವಿರ ಆಗಿತ್ತು. 2020ರ ಜನಗಣತಿಯಲ್ಲಿ 7 ಸಾವಿರದ ಆಸುಪಾಸು. ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ 65 ದಾಟಿದವರು. ಓದಲು, ಕೆಲಸಕ್ಕೆ ಅಂತ ಮಕ್ಕಳು ಟೋಕಿಯೊಗೆ ಹೋಗುತ್ತಾರೆ, ಅಲ್ಲೇ ಉಳಿಯುತ್ತಾರೆ. ದ್ವೀಪದಲ್ಲಿ ಈಗ ಮನುಷ್ಯರಿಗಿಂತ ಕ್ಯೋನ್ ಜಾಸ್ತಿ ಅನ್ನುವ ಸ್ಥಿತಿ. ಕ್ಯೋನ್ ಅಂದರೆ ನಾಯಿಯ ಗಾತ್ರದ ಒಂದು ಬಗೆಯ ಜಿಂಕೆ. 1970ರ ಚಂಡಮಾರುತದಲ್ಲಿ ಅಲ್ಲಿನ ಪ್ರಾಣಿ ಉದ್ಯಾನದ ಬೇಲಿ ಮುರಿದಾಗ ಕೆಲವು ತಪ್ಪಿಸಿಕೊಂಡವು. ಅವುಗಳ ಸಂತಾನ ಈಗ ಹೊಲದ ಸೊಪ್ಪನ್ನೆಲ್ಲ ತಿನ್ನುತ್ತಿದೆ. ಹಿಡಿಯಲು ಆಳುಗಳು ಸಾಲುತ್ತಿಲ್ಲ.

ಆಳು ಸಾಲದಿರುವುದು ಜಿಂಕೆಯ ವಿಷಯದಲ್ಲಿ ಬರೀ ಬೆಳೆ ನಷ್ಟ. ಸ್ಫೋಟದ ರಾತ್ರಿಯಲ್ಲಿ ಹಾಗಲ್ಲ. 1986ರ ಯಶಸ್ಸಿನ ಗುಟ್ಟು ಹಡಗುಗಳಲ್ಲಿ ಮಾತ್ರ ಇರಲಿಲ್ಲ. ಯಾರ ಮನೆಯ ಅಜ್ಜಿಗೆ ಕಿವಿ ಕೇಳುವುದಿಲ್ಲ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಅಂತ ಗೊತ್ತಿದ್ದು ಬಾಗಿಲು ತಟ್ಟಿದ ಆ ಕೈಗಳಲ್ಲಿ ಇತ್ತು. ಆ ರಾತ್ರಿ ಓಡಾಡಿದ ಮೂವತ್ತು, ನಲವತ್ತರ ವಯಸ್ಸಿನವರು ಈಗ ಎಪ್ಪತ್ತು ದಾಟಿದ್ದಾರೆ. ಅಂದು ಎತ್ತಿಕೊಂಡು ಹೋದವರನ್ನೇ ಮುಂದಿನ ಸಲ ಎತ್ತಿಕೊಂಡು ಹೋಗಬೇಕು.

ಇದು ಕಾನೂನಿಗೂ ಗೊತ್ತಿದೆ. ಹೊರಡಲು ಸಹಾಯ ಬೇಕಾದವರ ಪಟ್ಟಿ ಮಾಡಿ ಅಂತ 2013ರಲ್ಲೇ ಊರುಗಳಿಗೆ ಹೇಳಿದರು. 2021ರಲ್ಲಿ ಇನ್ನೂ ಮುಂದೆ ಹೋಗಿ, ಒಬ್ಬೊಬ್ಬರಿಗೂ ಬೇರೆ ಬೇರೆ ಯೋಜನೆ ಬರೆಯಿರಿ, ಯಾರು ಬರುತ್ತಾರೆ, ಯಾವ ಗಾಡಿ, ಎಲ್ಲಿಗೆ ಅಂತ ನಮೂದಿಸಿ ಅಂದರು. ನನ್ನ ಮಟ್ಟಿಗೆ ಇಡೀ ಜಪಾನಿನ ವಿಪತ್ತು ಕಾನೂನಿನಲ್ಲಿ ಇದು ಅತ್ಯಂತ ಮನುಷ್ಯತ್ವದ ಸಾಲು. ಆದರೆ ಅದು 'ಪ್ರಯತ್ನಿಸಬೇಕು' ಅನ್ನುವ ಕರ್ತವ್ಯ, ಕಡ್ಡಾಯ ಅಲ್ಲ. ಹೆಸರಿನ ಎದುರು 'ಯಾರು ಬರುತ್ತಾರೆ' ಅನ್ನುವ ಖಾಲಿ ಜಾಗದಲ್ಲಿ ಬರೆಯಲು ಇನ್ನೊಂದು ಹೆಸರು ಬೇಕಲ್ವಾ? ಪಕ್ಕದ ಮನೆಯೂ ಖಾಲಿ ಇದ್ದರೆ, ಇಲ್ಲವೇ ಅಲ್ಲೂ ಎಂಬತ್ತು ದಾಟಿದವರೇ ಇದ್ದರೆ, ಆ ಜಾಗ ತುಂಬುವುದು ಹೇಗೆ?

ಮುಂದಿನ ಸಲ ಬೆಂಕಿ, ಮಳೆ ಎರಡನ್ನೂ ಒಟ್ಟಿಗೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ಅದೇ ಇಜು ದ್ವೀಪಗಳ ಸಾಲಿನ ಇನ್ನೊಂದು ದ್ವೀಪವೇ ಸಾಕ್ಷಿ. ಓಶಿಮಾದ ದಕ್ಷಿಣಕ್ಕಿರುವ ಮಿಯಾಕೆ ದ್ವೀಪ 2000ನೇ ಇಸವಿಯಲ್ಲಿ ಸಿಡಿಯಿತು. ಸೆಪ್ಟೆಂಬರ್‌ನಲ್ಲಿ 3,800ರಷ್ಟು ಜನ ದ್ವೀಪ ಬಿಟ್ಟರು. ಒಂದು ತಿಂಗಳಲ್ಲಿ ವಾಪಸ್ ಬರಲು ಆಗಲಿಲ್ಲ. ಬೆಟ್ಟದಿಂದ ವಿಷಗಾಳಿ ಬರುತ್ತಲೇ ಇತ್ತು. ಮಳೆ ಬಂದಾಗಲೆಲ್ಲ ಹೊಸ ಬೂದಿ ಕೆಸರಾಗಿ ಹರಿದು ರಸ್ತೆ, ಮನೆ ಹಾಳು ಮಾಡಿತು. ಅವರು ಊರಿಗೆ ಮರಳಿದ್ದು 2005ರ ಫೆಬ್ರುವರಿಯಲ್ಲಿ, ನಾಲ್ಕು ವರ್ಷ ಐದು ತಿಂಗಳ ನಂತರ. ಎಲ್ಲರೂ ಮರಳಲಿಲ್ಲ. ಓಶಿಮಾದಲ್ಲೂ ಒಂದು ಸ್ಫೋಟ ಆಗಿ, ಇಳಿಜಾರಿಗೆ ಹೊಸ ಬೂದಿ ಹೊದ್ದುಕೊಂಡು, ಅದರ ಹಿಂದೆಯೇ ಚಂಡಮಾರುತದ ಕಾಲ ಬಂದರೆ, ಲಾವಾ ನಿಂತರೂ ಅಪಾಯ ನಿಲ್ಲುವುದಿಲ್ಲ. ಜನರನ್ನು ಯಾವಾಗ ಕಳಿಸಬೇಕು ಅನ್ನುವಷ್ಟೇ ಕಷ್ಟದ ಪ್ರಶ್ನೆ, ಯಾವಾಗ ಕರೆಸಿಕೊಳ್ಳಬೇಕು ಅನ್ನುವುದು.

ಕಳಿಸುವುದಾದರೂ ಎಲ್ಲಿಂದ? ಟೋಕಿಯೊದ ತಾಕೆಶಿಬಾ ಹಡಗುಕಟ್ಟೆಯಿಂದ ಓಶಿಮಾಕ್ಕೆ ವೇಗದ ಹಡಗಿನಲ್ಲಿ ಎರಡು ಗಂಟೆಯೂ ಬೇಡ. ಆದರೆ ಅದು ಯಾವ ಬಂದರಿಗೆ ಬರುತ್ತದೆ ಅಂತ ಹಿಂದಿನ ದಿನ ಹೇಳಲು ಆಗುವುದಿಲ್ಲ. ಪಶ್ಚಿಮದಲ್ಲಿ ಮೊಟೊಮಾಚಿ, ಉತ್ತರದಲ್ಲಿ ಓಕಾಡಾ, ಅವತ್ತಿನ ಗಾಳಿ ಮತ್ತು ಅಲೆ ನೋಡಿ ಅವತ್ತೇ ತೀರ್ಮಾನ. 1986ರ ಆ ರಾತ್ರಿ ಹಡಗುಗಳು ಮೊಟೊಮಾಚಿಗೆ ಬರುವ ಹಾಗೆ ಸಮುದ್ರ ಬಿಟ್ಟುಕೊಟ್ಟಿತ್ತು. ಪಶ್ಚಿಮದ ಗಾಳಿ ಜೋರಾಗಿದ್ದರೆ ಅದು ಆಗುತ್ತಿರಲಿಲ್ಲ.

ಹಾಗಾಗಿ ಸ್ಫೋಟ ಇಲ್ಲದ ಮಾಮೂಲಿ ದಿನವೂ ದ್ವೀಪದವರು ಬೆಳಗ್ಗೆ ಮೊದಲು ಕೇಳಿಕೊಳ್ಳುವುದು ಒಂದೇ: ಇವತ್ತು ಮೊಟೊಮಾಚಿಯೋ, ಓಕಾಡಾವೋ? ಕಾರು ಇದ್ದವರಿಗೆ ಅದು ಹತ್ತಿಪ್ಪತ್ತು ನಿಮಿಷದ ವ್ಯತ್ಯಾಸ. ಕಾರು ಓಡಿಸುವುದನ್ನು ಬಿಟ್ಟ ಎಂಬತ್ತೈದರ ಒಂಟಿ ಅಜ್ಜಿ ಬಸ್ಸಿನ ವೇಳೆ ನೋಡಿಕೊಳ್ಳಬೇಕು, ಇಲ್ಲವೇ ಯಾರಿಗಾದರೂ ಫೋನ್ ಮಾಡಬೇಕು.